23 ವರ್ಷಗಳ ಬಳಿಕ ಬೆಳಕಿಗೆ ಬಂದ ಬಲಿದಾನ



ಕೊಡಗು ಎಂದೊಡನೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಹೆಸರುಗಳು ನಿಮ್ಮ ನೆನಪಿಗೆ ಬರುತ್ತವೆ. ಅದೇ ಮಣ್ಣಿನ ಇನ್ನೊಬ್ಬ ಯೋಧನ ಸಾಹಸಕ್ಕೆ ದೇಶದ ಗೌರವ ಸಲ್ಲಲು 23 ವರ್ಷಗಳೇ ಬೇಕಾದವು. ಅವರೇ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದ ದೇವಯ್ಯ, 1954ರಲ್ಲಿ ಭಾರತೀಯ ವಾಯುಸೇನೆಯ ಪೈಲಟ್ ಆದರು. ಮುಂದೆ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಶಿಕ್ಷಕರೂ ಆದರು. 1965ರಲ್ಲಿ ಭಾರತ-ಪಾಕಿಸ್ತಾನ ಯುದ್ಧ ಆರಂಭವಾದಾಗ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್‌ಗೆ ಕಳುಹಿಸಲಾಯಿತು.

ಸೆಪ್ಟೆಂಬರ್ 7ರ ನಸುಕು. ಪಾಕಿಸ್ತಾನದ ಪ್ರಮುಖ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿ ಮಾಡಲು ವಿಂಗ್ ಕಮಾಂಡರ್ ತನೇಜಾ ಅವರ ನೇತೃತ್ವದಲ್ಲಿ ಮಿಸ್ಟೇರ್ ವಿಮಾನಗಳು ಹೊರಟವು. ದೇವಯ್ಯ ಅಂದು ಕಾಯ್ದಿರಿಸಿದ ಪೈಲಟ್ ಮಾತ್ರ. ತಂಡದ ವಿಮಾನವೊಂದು ಹಿಂದುಳಿದಾಗ ಆ ಸ್ಥಾನ ತುಂಬಲು ಅವರು ಮುಂದಾದರು.

ದಾಳಿಯ ನಂತರ ಅವರ ಬೆನ್ನು ಹತ್ತಿದ್ದು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಅಮೆರಿಕನ್ ನಿರ್ಮಿತ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನವದು. ಮಿಸ್ಟೇರ್‌ಗೆ ಆ ವೇಗವಿರಲಿಲ್ಲ; ಗುರಿ ಬಹು ದೂರವಾದ್ದರಿಂದ ಕಾದಾಡಲು ಇಂಧನವೂ ಸಾಲದು. ಆದರೂ ಏಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಬಿದ್ದರು. ಸ್ಟಾರ್‌ಫೈಟರ್ ನೆಲಕ್ಕುರುಳಿತು. ಅಮ್ಜದ್ ಪ್ಯಾರಾಚೂಟ್ ಮೂಲಕ ಪಾರಾದರು. ದೇವಯ್ಯ ಮರಳಲಿಲ್ಲ.

ಆ ಕಾಳಗವನ್ನು ಸಹ ಪೈಲಟ್‌ಗಳು ಯಾರೂ ಕಂಡಿರಲಿಲ್ಲ. ಹಾಗಾಗಿ ಇತ್ತ ಉಳಿದದ್ದು 'ಕಾಣೆಯಾಗಿದ್ದಾರೆ' ಎಂಬ ಒಂದು ಮಾತು. ಮನೆಯವರ ಪಾಲಿಗೆ ಆ ಮಾತು ಸಾವಿನ ಸುದ್ದಿಗಿಂತಲೂ ಭಾರವಲ್ಲವೇ?

ಹಾಗಾದರೆ ಸತ್ಯ ಹೊರಬಂದದ್ದು ಹೇಗೆ? ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, ಪಾಕಿಸ್ತಾನದ ಕಡೆಯ ಮಾಹಿತಿಯ ಆಧಾರದಲ್ಲಿ ಆ ವಾಯುಯುದ್ಧದ ಕುರಿತು ಬರೆದ ಪುಸ್ತಕ 1979ರಲ್ಲಿ ಪ್ರಕಟವಾಯಿತು. ಸ್ಟಾರ್‌ಫೈಟರನ್ನು ಉರುಳಿಸಿದ್ದು ಒಂದು ಮಿಸ್ಟೇರ್ ಎಂದು ಅದರಲ್ಲಿತ್ತು. ಅಂದಿನ ದಾಳಿಯಿಂದ ಮರಳದ ಮಿಸ್ಟೇರ್ ದೇವಯ್ಯನವರದು ಮಾತ್ರ. ಕೊನೆಗೆ 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಅವರ ದೇಹವನ್ನು ಅಲ್ಲಿನ ಹಳ್ಳಿಗರೇ ತಮ್ಮ ಹೊಲದಲ್ಲಿ ಮಣ್ಣು ಮಾಡಿದ್ದರೆಂಬುದೂ ಪಾಕಿಸ್ತಾನದ ಕಡೆಯಿಂದಲೇ ತಿಳಿದುಬಂತು. 2025ರಲ್ಲಿ ತೆರೆಕಂಡ 'ಸ್ಕೈ ಫೋರ್ಸ್' ಹಿಂದಿ ಚಿತ್ರಕ್ಕೆ ಪ್ರೇರಣೆ ಈ ಘಟನೆಯೇ.

ಓದುಗರೇ, ಗಮನಿಸಿ. ಕೊಡಗಿನ ವೀರನ ಪರವಾಗಿ ಸಾಕ್ಷಿ ನುಡಿದದ್ದು ಎದುರಾಳಿಯ ಪಾಳಯ. ತಮ್ಮ ನಷ್ಟವನ್ನು ಅವರು ಮುಚ್ಚಿಟ್ಟಿದ್ದರೆ ಈ ಬಲಿದಾನ ಇಂದಿಗೂ ಕತ್ತಲಲ್ಲೇ ಇರುತ್ತಿತ್ತು. ಇತಿಹಾಸಕ್ಕೆ ಬೇಕಾದುದು ನಮ್ಮವರ ಹೊಗಳಿಕೆಯಷ್ಟೇ ಅಲ್ಲ. ಹಗೆಯ ಶೌರ್ಯವನ್ನೂ ಒಪ್ಪಿಕೊಳ್ಳುವ ನ್ಯಾಯಬುದ್ಧಿ.

ದೇವಯ್ಯನವರಿಗೆ ಒಂದು ಪುಸ್ತಕವಾದರೂ ಸಾಕ್ಷಿಯಾಯಿತು. ಸೇನೆಗೆ ಹೋಗಿ ಹಿಂದಿರುಗದ ಎಷ್ಟೋ ಹಳ್ಳಿಯ ಯೋಧರಿಗೆ ಅದೂ ಇಲ್ಲ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನಲ್ಲಿ ಅಂಥವರ ಮನೆ ಇದ್ದರೆ ಒಮ್ಮೆ ಹೋಗಿ ಬನ್ನಿ. ಹಿರಿಯರು ಹೇಳುವುದನ್ನು ಬರೆದಿಡಿ. ಬರೆದಿಟ್ಟ ಮಾತು ಹಿರಿಯರ ಕಾಲದ ನಂತರವೂ ಉಳಿಯುತ್ತದೆ.