ಜಲತೀರದ ಕಿರು ಹೋಟೆಲುಗಳು: ನಿವೇಶನ, ಅತಿಥಿ ಸೌಲಭ್ಯ ಮತ್ತು ವರ್ಗೀಕರಣ ಕುರಿತು ಅರ್ಜಿದಾರರಿಗೆ ಮಾಹಿತಿ

ಮಂಗಳೂರು ನಗರದ ಹಳೆಯ ಬಂದರು, ಸುಲ್ತಾನ್ ಬತ್ತೇರಿ ಮೊದಲಾದ ಪ್ರದೇಶಗಳಲ್ಲಿ ನದಿಗೆ ಅಭಿಮುಖವಾಗಿ ‘ಬೊಟಿಕ್’ ಮಾದರಿಯ ಹೋಟೆಲು ಸ್ಥಾಪಿಸಲು ಇಚ್ಛಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಕ್ಷತ್ರ ವರ್ಗಗಳಲ್ಲಿ ‘ಬೊಟಿಕ್’ ಎಂಬ ವರ್ಗವಿರುವುದಿಲ್ಲ. ಅದು ವ್ಯಾಪಾರದಲ್ಲಿ ರೂಢಿಗೆ ಬಂದ ಹೆಸರು ಮಾತ್ರ. ಆದುದರಿಂದ ಇಂತಹ ಹೋಟೆಲುಗಳೂ ಸಾಮಾನ್ಯ ಮಾನದಂಡಗಳಂತೆಯೇ ಅರ್ಜಿ ಸಲ್ಲಿಸತಕ್ಕದ್ದು.

ನಿವೇಶನದ ಪರಿಶೀಲನೆ

ಸೌಲಭ್ಯಗಳಿಗೆ ಹಣ ತೊಡಗಿಸುವ ಮೊದಲು ನಿವೇಶನವು ಕರಾವಳಿ ನಿಯಂತ್ರಣ ವಲಯದಲ್ಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅತ್ಯವಶ್ಯಕ. ಈ ವಲಯವು ಸಮುದ್ರ ತೀರಕ್ಕಷ್ಟೇ ಸೀಮಿತವಲ್ಲ. ಉಬ್ಬರವಿಳಿತದ ಪ್ರಭಾವವಿರುವ ನೇತ್ರಾವತಿ ಮತ್ತು ಫಲ್ಗುಣಿ ನದಿಗಳ ದಡಗಳಿಗೂ ಅದು ಅನ್ವಯಿಸುತ್ತದೆ. 2019ರ ಅಧಿಸೂಚನೆಯಂತೆ ಇಂತಹ ಜಲಮೂಲಗಳಲ್ಲಿ ಉಬ್ಬರ ರೇಖೆಯಿಂದ 50 ಮೀಟರ್ ಅಥವಾ ಜಲಮೂಲದ ಅಗಲ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಭೂಮಿ ವಲಯಕ್ಕೆ ಒಳಪಡುತ್ತದೆ. ನಗರ ಪ್ರದೇಶದ ಎರಡನೇ ವರ್ಗದ ವಲಯದಲ್ಲಿ, ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಭೂಭಾಗದ ಬದಿಗೆ ಮಾತ್ರ ಹೊಸ ಕಟ್ಟಡಕ್ಕೆ ಅವಕಾಶವಿದೆ. ಸಾಲ ಪಡೆದು ಪಾಯ ಹಾಕಿದ ನಂತರ ಅನುಮತಿ ನಿರಾಕರಿಸಲ್ಪಟ್ಟರೆ ಆ ನಷ್ಟವನ್ನು ಮಾಲೀಕರೇ ಹೊರಬೇಕಾಗುತ್ತದೆ. ನೆರೆಯ ನಿವೇಶನದವರಿಗೆ ಅನುಮತಿ ದೊರೆತಿದೆ ಎಂಬುದನ್ನು ಆಧಾರವಾಗಿ ಪರಿಗಣಿಸಬಾರದು.

ಕೊಠಡಿ ಮತ್ತು ಸೌಕರ್ಯಗಳು

ನಕ್ಷತ್ರ ವರ್ಗೀಕರಣವು ಐಚ್ಛಿಕವಾಗಿದ್ದು, ಅದಕ್ಕೆ ಬಾಡಿಗೆಗೆ ನೀಡಬಹುದಾದ ಕನಿಷ್ಠ 10 ಕೊಠಡಿಗಳಿರಬೇಕು. ಎಲ್ಲ ಕೊಠಡಿಗಳಿಗೂ ಹೊರಗಿನ ಗಾಳಿ ಬೆಳಕು ದೊರೆಯಬೇಕು. ನದಿಯ ಕಡೆಯ ಕೊಠಡಿಗಳಿಗೆ ದೊಡ್ಡ ಕಿಟಕಿಗಳನ್ನಿಟ್ಟು, ಹಿಂಬದಿಯವುಗಳನ್ನು ಕಿಟಕಿಯಿಲ್ಲದೆ ಬಿಡಲು ಬರುವುದಿಲ್ಲ. ಅಂಗವಿಕಲ ಅತಿಥಿಗಳಿಗಾಗಿ ಕನಿಷ್ಠ ಒಂದು ಕೊಠಡಿ ಇರತಕ್ಕದ್ದು: ಗಾಲಿಕುರ್ಚಿ ಸಾಗುವಷ್ಟು ಅಗಲದ ಬಾಗಿಲು, ಸ್ನಾನಗೃಹದಲ್ಲಿ ಹಿಡಿಕಂಬಿ, ಕಿವಿ ಕೇಳದವರಿಗೂ ತಿಳಿಯುವಂತೆ ಮಿನುಗುವ ದೀಪವುಳ್ಳ ಎಚ್ಚರಿಕೆ ಗಂಟೆ ಇತ್ಯಾದಿ. ಇದನ್ನು ಕೊನೆಯಲ್ಲಿ ಸೇರಿಸಲು ಹೊರಟರೆ ಗೋಡೆ ಒಡೆಯಬೇಕಾದೀತು. ನಕ್ಷೆಯಲ್ಲಿಯೇ ತೋರಿಸುವುದು ಲೇಸು.

ಜಲತೀರದಲ್ಲಿ ಉಪ್ಪಿನ ಗಾಳಿಗೆ ಕಬ್ಬಿಣದ ಕಂಬಿ, ಹವಾನಿಯಂತ್ರಣ ಯಂತ್ರಗಳು ಬೇಗನೆ ತುಕ್ಕು ಹಿಡಿಯುತ್ತವೆ. ಬೇಸಿಗೆಯಲ್ಲಿ ನದೀಮುಖದ ಬಾವಿಗಳ ನೀರು ಉಪ್ಪಾಗುವ ಸಂಭವವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ತೆರೆದ ಜಗಲಿಯು ಬಳಕೆಗೆ ಬಾರದಿರಬಹುದು. ಅತಿಥಿಗೆ ನದಿಯ ನೋಟಕ್ಕಿಂತ ಮೊದಲು ಬೇಕಾಗುವುದು ಸಿಹಿನೀರು ಮತ್ತು ತೇವವಿಲ್ಲದ ಹಾಸಿಗೆ.

ಹಳೆಯ ಕಟ್ಟಡಗಳು

ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು ಇರುವ 1950ಕ್ಕೆ ಮೊದಲಿನ ಮನೆಗಳನ್ನು ಹೊಂದಿರುವವರು ಪಾರಂಪರಿಕ ಹೋಟೆಲು ವರ್ಗವನ್ನು ಪರಿಶೀಲಿಸಬಹುದು. ಕಟ್ಟಡದ ಮೂಲ ಸ್ವರೂಪವನ್ನು ಉಳಿಸಿಕೊಳ್ಳುವುದು ಇದರ ಮುಖ್ಯ ಆಶಯ. ಹೆಂಚು ತೆಗೆದು ತಗಡು ಹೊದಿಸಿದವರು ಈ ವರ್ಗವನ್ನು ನಿರೀಕ್ಷಿಸುವುದು ಕಷ್ಟ.

ಇತರೆ ವಿಷಯಗಳು

ಮಹಾನಗರ ಪಾಲಿಕೆಯ ಉದ್ಯಮ ಪರವಾನಗಿ, ಆಹಾರ ಸುರಕ್ಷತಾ ಪರವಾನಗಿ ಹಾಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯನ್ನು ಪ್ರತ್ಯೇಕವಾಗಿ ಪಡೆಯತಕ್ಕದ್ದು. ಅಗ್ನಿ ಸುರಕ್ಷತೆಯ ಅಗತ್ಯಗಳನ್ನು ಅಗ್ನಿಶಾಮಕ ಇಲಾಖೆಯಿಂದ ಮೊದಲೇ ತಿಳಿದುಕೊಳ್ಳಬೇಕು. ವಿದೇಶಿ ಅತಿಥಿಗಳ ವಿವರವನ್ನು 24 ಗಂಟೆಗಳೊಳಗೆ ಆನ್‌ಲೈನ್ ಮೂಲಕ ಸಲ್ಲಿಸಬೇಕು. 22-09-2025ರಿಂದ ದಿನವೊಂದಕ್ಕೆ ರೂ. 7,500 ವರೆಗಿನ ಕೊಠಡಿ ಬಾಡಿಗೆಗೆ ಶೇ. 5, ಅದಕ್ಕೆ ಮೇಲ್ಪಟ್ಟು ಶೇ. 18 ಸರಕು ಮತ್ತು ಸೇವಾ ತೆರಿಗೆ ಅನ್ವಯಿಸುತ್ತದೆ.

ನಕ್ಷತ್ರ ವರ್ಗೀಕರಣದ ಅವಧಿ 5 ವರ್ಷ. ಅವಧಿ ಮುಗಿಯುವ ಮುನ್ನವೇ ಮರು ಅರ್ಜಿ ಸಲ್ಲಿಸತಕ್ಕದ್ದು.