ಬೆಸೆದಲ್ಲಿಯೇ ಮತ್ತೆ ಬಿರುಕು

ನಮ್ಮ ತೆಂಗಿನ ತೋಟದಲ್ಲಿ ಟ್ರ್ಯಾಕ್ಟರಿಗೆ ಜೋಡಿಸಿ ಹುಲ್ಲು, ಪೊದೆ ಸವರುವ ರೋಟರಿ ಕಟರ್ ಒಂದಿದೆ. ಒಂದೇ ಮಳೆಗಾಲದಲ್ಲಿ ಮೂರು ಸಲ ಅದರ ಮೇಲ್ತಗಡು ಗೇರ್‌ಬಾಕ್ಸ್ ಕೂರುವೆಡೆ ಬಿರುಕುಬಿಟ್ಟಿತು. ಪ್ರತಿಸಲವೂ ಇನ್ನಷ್ಟು ದಪ್ಪನೆಯ ಪಟ್ಟಿಯಿಟ್ಟು ವೆಲ್ಡಿಂಗ್ ಮಾಡಿಸಿದೆ. ಪ್ರತಿಸಲವೂ ಬೆಸುಗೆಯ ಅಂಚಿನಲ್ಲಿಯೇ ಒಡೆಯಿತು.

ಈ ಒಗಟು ಹೊಸದಲ್ಲ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಮಡಿದರು. ಬಳಸಿದಂತೆಲ್ಲ ಕಬ್ಬಿಣದ ಗುಣವೇ ಕೆಡುತ್ತದೆಂದು ಆಗ ಹಲವರು ನಂಬಿದ್ದರು. ಮರುವರ್ಷ ಸ್ಕಾಟ್ಲೆಂಡಿನ ತರುಣ ಎಂಜಿನಿಯರ್ ರಾಂಕಿನ್, ಬಿರುಕು ಅಚ್ಚಿನ ಚೂಪು ಮೂಲೆಯಲ್ಲಿ ಹುಟ್ಟಿ ಮೆಲ್ಲನೆ ಒಳಸರಿಯುತ್ತದೆಂದು ತೋರಿಸಿ, ಮೂಲೆಯನ್ನು ದುಂಡಾಗಿಸಲು ಸೂಚಿಸಿದರು. ಒಮ್ಮೆಗೆ ಮುರಿಯಲಾರದ ಹೊರೆಯೂ ಲಕ್ಷಾಂತರ ಸಲ ಮರುಕಳಿಸಿದರೆ ಲೋಹವನ್ನು ಮುರಿಯಬಲ್ಲುದೆಂದು ಜರ್ಮನಿಯ ರೈಲ್ವೆ ಎಂಜಿನಿಯರ್ ವೋಲರ್ 1870ರವರೆಗಿನ ಪ್ರಯೋಗಗಳಿಂದ ಸ್ಥಾಪಿಸಿದರು.

ನಾಲ್ಕನೆಯ ಸಲ ಯಂತ್ರವನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ವರ್ಕ್‌ಶಾಪಿಗೆ ಒಯ್ದೆ. ಅವನು ಮೊದಲು ನೋಡಿದ್ದು ಬಿರುಕನ್ನಲ್ಲ, ಅಲಗುಗಳನ್ನು. "ಮೇಷ್ಟ್ರೇ, ಒಂದು ಸವೆದು ಹಗುರಾಗಿದೆ. ಸುತ್ತಿದಾಗಲೆಲ್ಲ ಯಂತ್ರ ನಡುಗುತ್ತದೆ" ಎಂದ. ಸಮತೂಕದ ಜೋಡಿ ಅಲಗು ಹಾಕಿದ. ಬಿರುಕಿನ ತುದಿಯಲ್ಲಿ ರಂಧ್ರ ಕೊರೆದು, ಬಿರುಕನ್ನು ಪೂರ್ತಿ ಉಜ್ಜಿ ತೆಗೆದು ಬೆಸೆದ. ಪಟ್ಟಿಯ ಮೂಲೆಗಳನ್ನು ದುಂಡಾಗಿಸಿದ. ಎರಡು ಮಳೆಗಾಲ ಕಳೆದವು, ತಗಡು ಗಟ್ಟಿಯಾಗಿದೆ.

ಪ್ರತಿ ಪರೀಕ್ಷೆಯಲ್ಲಿಯೂ "ಕಾರಣಗಳನ್ನು ವಿವರಿಸಿರಿ" ಎಂದು ಪ್ರಶ್ನೆ ಕೊಡುತ್ತಿದ್ದವನು ನಾನು. ಕಾರಣವನ್ನು ಹುಡುಕಿದವನು ಅವನು.