ಮರವನ್ನು ಬಾಗಿಸಿದ ಮನೆತನ

ಮುಂಬಯಿಯ ಹಳೆಯ ಇರಾನಿ ಹೋಟೆಲೊಂದರಲ್ಲಿ, ಚಹ ಬರುವವರೆಗಿನ ಬಿಡುವಿನಲ್ಲಿ, ಅಮೃತಶಿಲೆಯ ಮೇಜಿಗೆ ಒರಗಿಸಿಟ್ಟಿದ್ದ ಕರಿಯ ಕುರ್ಚಿಯೊಂದನ್ನು ನಾನು ಸಾವಧಾನವಾಗಿ ನಿಟ್ಟಿಸಿ ನೋಡಿದೆನು. ಹಿಂಗಾಲಾಗಿ ನೆಲದಿಂದ ಮೇಲೆದ್ದ ದುಂಡನೆಯ ಕೋಲು, ಆಸನವನ್ನು ದಾಟಿ ಏರಿ, ಕುಳಿತವನ ಬೆನ್ನಿನ ಹಿಂದೆ ಕಮಾನಾಗಿ ಬಳುಕಿ, ಮತ್ತೊಂದು ಪಾರ್ಶ್ವದಲ್ಲಿ ಇಳಿದು, ಇನ್ನೊಂದು ಹಿಂಗಾಲಾಗಿ ನೆಲವನ್ನು ಮುಟ್ಟಿದ್ದಿತು. ಬೆರಳಿನಿಂದ ಅದರುದ್ದಕ್ಕೂ ಸವರಿಕೊಂಡು ಹೋದರೂ ಎಲ್ಲಿಯೂ ಒಂದು ಸಂದು ಕೈಗೆ ಸಿಕ್ಕಲಿಲ್ಲ. ನಮ್ಮ ಬಡಗಿಗಳು ಎರಡು ತುಂಡುಗಳನ್ನು ಕೂಡಿಸಿ ಮಾಡುವ ತಿರುವನ್ನು ಇಲ್ಲಿ ಒಂದೇ ಮರ ತಾನಾಗಿ ಬಳ್ಳಿಯಂತೆ ಮಾಡಿಕೊಂಡಂತೆ ಕಾಣುತ್ತಿದ್ದಿತು. ಈ ಜಾತಿಯ ಕುರ್ಚಿಗಳೆಲ್ಲದರ ಮೂಲವನ್ನು ಅರಸುತ್ತ ಹೋದರೆ, ಯೂರೋಪಿನ ರೈನ್ ನದಿಯ ದಂಡೆಯಲ್ಲಿ ಒಂದು ಬಡಗಿಯ ಅಂಗಡಿ ದೊರೆಯುತ್ತದೆ. ಎರಡು ಬಾರಿ ಸ್ವತ್ತನ್ನು ಕಳೆದುಕೊಂಡೂ ತನ್ನ ಕಸುಬಿನ ಸೂತ್ರವನ್ನು ಕಳೆದುಕೊಳ್ಳದ ಒಂದು ಮನೆತನ ದೊರೆಯುತ್ತದೆ.

ಮಿಖಾಯೆಲ್ ಟೋನೆಟ್ ಎಂಬಾತನು 1796ರಲ್ಲಿ ಬೊಪ್ಪಾರ್ಡ್ ಎಂಬ ಜರ್ಮನ್ ಊರಿನಲ್ಲಿ ಚರ್ಮ ಹದಮಾಡುವವನೊಬ್ಬನ ಮಗನಾಗಿ ಹುಟ್ಟಿ, 1819ರಲ್ಲಿ ಅಲ್ಲಿಯೇ ಪೀಠೋಪಕರಣಗಳ ಸ್ವಂತ ಕಾರ್ಯಾಗಾರವನ್ನು ತೆರೆದನು. ಆ ಕಾಲದಲ್ಲಿ ಕುರ್ಚಿಗೆ ಡೊಂಕಾದ ಅಂಗ ಬೇಕಾದರೆ ದಪ್ಪ ಹಲಗೆಯೊಂದರಿಂದ ಆ ಆಕೃತಿಯನ್ನು ಕೊಯ್ದು ತೆಗೆಯುವುದೇ ರೂಢಿಯಾಗಿದ್ದಿತು. ಹಾಗೆ ಕೊಯ್ಯುವಾಗ ಹಲಗೆಯ ಬಹುಭಾಗ ಚಕ್ಕೆಯಾಗಿ ವ್ಯರ್ಥವಾಗುತ್ತಿದ್ದುದಲ್ಲದೆ, ಮರದ ನಾರು ತಿರುವಿನಲ್ಲಿ ಕತ್ತರಿಸಿಹೋಗಿ, ಎಲ್ಲಿ ಬಲ ಬೇಕೋ ಅಲ್ಲಿಯೇ ಕುರ್ಚಿ ದುರ್ಬಲವಾಗುತ್ತಿದ್ದಿತು. ನಾರನ್ನು ಕಡಿಯದೆ ಬಾಗಿಸುವ ಉಪಾಯವೇನೆಂಬುದು ಈ ಬಡಗಿಯ ಚಿಂತೆಯಾಯಿತು. 1830ರ ಸುಮಾರಿನಿಂದ ಆತನು ಮರದ ತೆಳುಪಟ್ಟಿಗಳನ್ನು ಅಂಟಿನಲ್ಲಿ ಕುದಿಸಿ, ಮೆತ್ತಗಾದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಅಚ್ಚಿನಲ್ಲಿ ಬಿಗಿದು ಒಣಗಿಸುವ ಪ್ರಯೋಗಗಳಲ್ಲಿ ತೊಡಗಿದನು. ಈ ಕೆಲಸಕ್ಕೆ ಅಂಟೇ ಪ್ರಾಣವಾದುದರಿಂದ ಅಂಟು ತಯಾರಿಸುವ ಗಿರಣಿಯೊಂದನ್ನೇ ಕೊಂಡನು.

ಆದರೆ ಹೊಸ ವಿಧಾನಕ್ಕೆ ರಾಜಮುದ್ರೆಯ ರಕ್ಷಣೆ ಇಲ್ಲದಿದ್ದರೆ ಅದು ನೆರೆಯವರ ಪಾಲಾಗುವುದು ನಿಶ್ಚಯವಾಗಿದ್ದಿತು. ಪ್ರಷ್ಯದ ಸರ್ಕಾರ ಆತನ ಅರ್ಜಿಯನ್ನು ಪುರಸ್ಕರಿಸಲಿಲ್ಲ. ಪರದೇಶಗಳಲ್ಲಿ ಹಕ್ಕನ್ನು ಪಡೆಯಲು ಮಾಡಿದ ವೆಚ್ಚ ಸಾಲವಾಗಿ ಬೆಳೆಯಿತು. 1841ರಲ್ಲಿ ಕೊಬ್ಲೆನ್ಜ್ ಪಟ್ಟಣದ ಪ್ರದರ್ಶನದಲ್ಲಿ ಆತನ ಕೃತಿಗಳನ್ನು ಕಂಡು ಮೆಚ್ಚಿದವನು ಆಸ್ಟ್ರಿಯದ ಮಹಾಮಂತ್ರಿ ಮೆಟರ್ನಿಖ್. ತಾನೂ ರೈನ್ ಸೀಮೆಯವನೇ ಆಗಿದ್ದ ಆ ರಾಜನೀತಿಜ್ಞನು ಬಡಗಿಯನ್ನು ವಿಯೆನ್ನಕ್ಕೆ ಆಹ್ವಾನಿಸಿದನು. 1842ರಲ್ಲಿ ಟೋನೆಟ್ ವಿಯೆನ್ನದಲ್ಲಿದ್ದು, ಎಂತಹ ಮರವನ್ನಾದರೂ ಬೇಕಾದ ಆಕೃತಿಗೆ ಬಾಗಿಸುವ ವಿಧಾನಕ್ಕೆ ಸಾಮ್ರಾಜ್ಯದ ವಿಶೇಷಾಧಿಕಾರವನ್ನು ಪಡೆಯುತ್ತಿದ್ದಾಗಲೇ, ಬೊಪ್ಪಾರ್ಡಿನಲ್ಲಿ ಸಾಲಗಾರರು ಆತನ ಆಸ್ತಿಯನ್ನು ವಶಪಡಿಸಿಕೊಂಡರು. ಹೆಂಡತಿ ಮಕ್ಕಳು ಊರು ಬಿಟ್ಟು ಆತನನ್ನು ಹಿಂಬಾಲಿಸಿ ಬಂದರು. ಮನೆ ಹೋಯಿತು, ಅಂಗಡಿ ಹೋಯಿತು; ಜಪ್ತಿಯ ಪಟ್ಟಿಯಲ್ಲಿ ಬರೆದುಕೊಳ್ಳಲಾಗದ ಒಂದೇ ಒಂದು ವಸ್ತು, ಮರವನ್ನು ಬಾಗಿಸುವ ಮರ್ಮ, ಕುಟುಂಬದೊಡನೆ ವಿಯೆನ್ನಕ್ಕೆ ಸಾಗಿತು.

ನಲವತ್ತಾರು ವರ್ಷದ ಗೃಹಸ್ಥನು ಅಲ್ಲಿ ಕೆಲವು ಕಾಲ ಪರರ ಕೈಕೆಳಗೆ ದುಡಿಯಬೇಕಾಯಿತು. ಲಿಕ್ಟನ್‌ಸ್ಟೈನ್ ಅರಮನೆಯ ನವೀಕರಣದಲ್ಲಿ ಕಾರ್ಲ್ ಲೈಸ್ಟ್ಲರ್ ಎಂಬ ದೊಡ್ಡ ಗುತ್ತಿಗೆದಾರನ ಪರವಾಗಿ ತಂದೆಮಕ್ಕಳು ನೆಲದ ಮರಗೆಲಸವನ್ನೂ ಕುರ್ಚಿಗಳನ್ನೂ ಮಾಡಿದರು. 1849ರಲ್ಲಿ ಪುನಃ ಸ್ವಂತ ಅಂಗಡಿ ತೆರೆಯಿತು. ನಗರದ ಡೌಮ್ ಕಾಫಿಗೃಹಕ್ಕೆ ಅವರು ಒದಗಿಸಿದ ಕುರ್ಚಿಗಳು ಈ ಮನೆತನದ ಭಾಗ್ಯವನ್ನು ಅರಮನೆಯಿಂದ ಕಾಫಿಯ ಮೇಜಿನ ಕಡೆಗೆ ತಿರುಗಿಸಿದುವು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಕಂಚಿನ ಪದಕ ದೊರೆಯಿತು. ಇದಾದ ಎರಡು ವರ್ಷಗಳಲ್ಲಿ ಟೋನೆಟ್ ಮಾಡಿದ ಕಾರ್ಯ ನನಗೆ ಆತನ ಎಲ್ಲ ಆವಿಷ್ಕಾರಗಳಷ್ಟೇ ಮಹತ್ತ್ವದ್ದಾಗಿ ತೋರುತ್ತದೆ. ಕೀರ್ತಿಯ ಏರುಮುಖದಲ್ಲಿ ನಿಂತು, ಇನ್ನೂ ಕೈಯಲ್ಲಿ ಕಸುವಿದ್ದಾಗಲೇ, 1853ರಲ್ಲಿ ಆತನು ಅಂಗಡಿಯನ್ನು ಫ್ರಾನ್ಸ್, ಮಿಖಾಯೆಲ್, ಆಗಸ್ಟ್, ಯೋಸೆಫ್, ಯಾಕೋಬ್ ಎಂಬ ಐವರು ಮಕ್ಕಳ ಹೆಸರಿಗೆ ಬರೆದುಕೊಟ್ಟು, ಅದಕ್ಕೆ ‘ಟೋನೆಟ್ ಸಹೋದರರು’ ಎಂದು ನಾಮಕರಣ ಮಾಡಿದನು. ತಾನು ಮಾತ್ರ ಮೊದಲಿನಂತೆಯೇ ಕೆಲಸ ನಡೆಸಿಕೊಂಡು ಹೋದನು. ಒಮ್ಮೆ ಎಲ್ಲವನ್ನೂ ಕಳೆದುಕೊಂಡಿದ್ದವನಿಗೆ, ಆಸ್ತಿಯನ್ನು ಹಿಡಿದುಕೊಳ್ಳುವುದಕ್ಕಿಂತ ಕೈಗಳನ್ನು ಪಳಗಿಸುವುದೇ ಭದ್ರವಾದ ಸಂಪಾದನೆಯೆಂಬುದು ಚೆನ್ನಾಗಿ ತಿಳಿದಿದ್ದಿರಬೇಕು.

ಆದರೂ ವಿಧಾನದಲ್ಲಿ ಒಂದು ಕೊರತೆ ಉಳಿದಿದ್ದಿತು. ಪದರಗಳನ್ನು ಅಂಟಿನಿಂದ ಕೂಡಿಸಿದ ಕುರ್ಚಿಗಳು ಹಡಗನ್ನೇರಿ ತೇವದ ಸೀಮೆಗಳಿಗೆ ಹೋದಾಗ ಅಂಟು ಬಿಟ್ಟುಕೊಂಡು ಬಿಚ್ಚಿಹೋಗುತ್ತಿದ್ದುವು. ಆದುದರಿಂದ ಪದರಗಳನ್ನೇ ತ್ಯಜಿಸಿ ಇಡಿಯ ಮರವನ್ನು ಬಾಗಿಸಬೇಕಾಯಿತು. ಈ ವಿಧಾನಕ್ಕೆ 1856ರಲ್ಲಿ ಹದಿಮೂರು ವರ್ಷಗಳ ಏಕಸ್ವಾಮ್ಯ ಲಭಿಸಿತು. ಅದರ ಮರ್ಮವನ್ನು ಸಮೀಪದಿಂದ ನೋಡುವುದು ಯೋಗ್ಯ. ಬೀಚ್ ಮರದ ಕೋಲನ್ನು ದುಂಡಗೆ ಕಡೆದು, ಹಬೆಯಲ್ಲಿ ಬೇಯಿಸಿ, ಬಿಸಿಯಾಗಿರುವಾಗಲೇ ಕಬ್ಬಿಣದ ಅಚ್ಚಿಗೆ ಬಾಗಿಸಬೇಕು. ಬಾಗುವ ಕೋಲಿನ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ; ಮರವಾದರೋ ಕುಗ್ಗುವುದನ್ನು ಸಹಿಸುವಷ್ಟು ಹಿಗ್ಗುವುದನ್ನು ಸಹಿಸಲಾರದೆ ಹೊರಮೈಯಲ್ಲಿ ಸೀಳುತ್ತದೆ. ಟೋನೆಟ್ ಕೋಲಿನ ಹೊರಮೈಯುದ್ದಕ್ಕೂ ಲೋಹದ ಪಟ್ಟಿಯೊಂದನ್ನು ಇಟ್ಟು ಎರಡು ತುದಿಗಳಲ್ಲಿಯೂ ಬಿಗಿದನು. ಪಟ್ಟಿ ಹಿಗ್ಗದು, ಪಟ್ಟಿ ಹಿಗ್ಗದ ಮೇಲೆ ಅದಕ್ಕೆ ಕಟ್ಟುಬಿದ್ದ ಮರವೂ ಹಿಗ್ಗಲಾರದು, ಬಾಗುವಿಕೆಯ ಭಾರವೆಲ್ಲ ಒಳಮೈಯ ಕುಗ್ಗುವಿಕೆಯ ಮೇಲೆಯೇ ಬಿದ್ದು, ಸೀಳದೆ ತಿರುಗಿದ ಕೋಲು ಅಚ್ಚಿನಲ್ಲಿಯೇ ಒಣಗಿ ಆ ರೂಪವನ್ನು ಶಾಶ್ವತವಾಗಿ ಧರಿಸುತ್ತದೆ. ನಾನು ಬೆರಳಿನಿಂದ ಅರಸಿದ ಸಂದು ಏಕೆ ಸಿಕ್ಕಲಿಲ್ಲವೆಂಬುದಕ್ಕೆ ಇದೇ ಉತ್ತರ.

ಬೀಚ್ ಮರ ಹೇರಳವಾಗಿದ್ದ ಮೊರಾವಿಯದ ಕಾಡುಗಳ ಮಗ್ಗುಲಲ್ಲಿ, ಕೊರಿಚಾನ್ ಎಂಬಲ್ಲಿ, ಮೊದಲ ಕಾರ್ಖಾನೆ ಎದ್ದಿತು. ಕೆಲವೇ ವರ್ಷಗಳಲ್ಲಿ ಬಿಸ್ಟ್ರಿಟ್ಜ್‌ನಲ್ಲಿ ಇನ್ನೊಂದು. ಬಾಗಿಸುವ ಬಿರುಸಾದ ಕೆಲಸ ಗಂಡಸರದು. ಉಜ್ಜಿ ನುಣುಪುಮಾಡಿ, ಬಣ್ಣ ಕೊಟ್ಟು, ಬೆತ್ತ ಹೆಣೆಯುವ ಕೆಲಸ ಬಹುಮಟ್ಟಿಗೆ ಹಳ್ಳಿಯ ಹೆಂಗಸರದು. 1859ರಲ್ಲಿ ಹೊರಬಂದು ಮುಂದಿನ ವರ್ಷಗಳಲ್ಲಿ ತಿದ್ದುಪಾಟನ್ನು ಪಡೆದ ಹದಿನಾಲ್ಕನೆಯ ಸಂಖ್ಯೆಯ ಕುರ್ಚಿಯಲ್ಲಿ ಈ ವಿದ್ಯೆ ತನ್ನ ಪರಾಕಾಷ್ಠೆಯನ್ನು ಮುಟ್ಟಿತು. ಬೆನ್ನೂ ಹಿಂಗಾಲೂ ಒಂದಾದ ದೊಡ್ಡ ಕಮಾನು, ಅದರೊಳಗೆ ಚಿಕ್ಕ ಕಮಾನು, ಆಸನದ ಬಳೆ, ಕಾಲುಗಳನ್ನು ಹಿಡಿದಿಡುವ ಕೆಳಬಳೆ, ಎರಡು ಮುಂಗಾಲುಗಳು: ಹೀಗೆ ಆರು ಮರದ ತುಂಡುಗಳು, ಹತ್ತು ತಿರುಪುಮೊಳೆಗಳು, ಎರಡು ನಟ್ಟುಗಳು, ಇಷ್ಟರಿಂದ ಕುರ್ಚಿ ಸಂಪೂರ್ಣವಾಯಿತು. ಬಿಡಿಬಿಡಿಯಾಗಿ ಅಡಕಿದರೆ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದುದರಿಂದ ಸಮುದ್ರಯಾನದ ವೆಚ್ಚ ಅಲ್ಪವಾಯಿತು. ಪೆಟ್ಟಿಗೆ ತೆರೆದು ತಿರುಪು ಬಿಗಿಯುವುದಕ್ಕೆ ದೂರದ ಊರಿನಲ್ಲಿ ನುರಿತ ಬಡಗಿಯೂ ಬೇಕಾಗಲಿಲ್ಲ. 1867ರಲ್ಲಿ ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಸಂದಿತು. 1871ರಲ್ಲಿ ಮಿಖಾಯೆಲ್ ಟೋನೆಟ್ ಕಾಲವಾದಾಗ ಯೂರೋಪಿನ ಮಹಾನಗರಗಳಲ್ಲಿ ಆತನ ಮಕ್ಕಳ ಮಳಿಗೆಗಳಿದ್ದುವು. 1930ರ ವೇಳೆಗೆ ಈ ಒಂದೇ ಮಾದರಿಯ ಸುಮಾರು 5 ಕೋಟಿ ಕುರ್ಚಿಗಳು ಲೋಕವನ್ನು ಸೇರಿದ್ದುವು.

ಏಕಸ್ವಾಮ್ಯ 1869ರಲ್ಲಿ ಮುಗಿದೊಡನೆ ಯಾಕೋಬ್ ಮತ್ತು ಯೋಸೆಫ್ ಕೋನ್ ಮೊದಲಾದ ಪ್ರತಿಸ್ಪರ್ಧಿಗಳು ಅದೇ ವಿಧಾನವನ್ನು ಕೈಗೊಂಡರು. ಮೊದಲ ಮಹಾಯುದ್ಧದ ಅನಂತರ ಆಸ್ಟ್ರಿಯದ ಸಾಮ್ರಾಜ್ಯವೇ ಹೋಳಾಗಿ, ಹಳೆಯ ವೈರಿಗಳೂ ಈ ಮನೆತನವೂ ಒಂದೇ ಕಂಪೆನಿಯಲ್ಲಿ ಕೂಡಬೇಕಾಯಿತು. ಮಾರ್ಸೆಲ್ ಬ್ರೋಯರ್ ಮೊದಲಾದ ಹೊಸ ಶಿಲ್ಪಿಗಳು ಉಕ್ಕಿನ ಕೊಳವೆಯನ್ನು ಬಾಗಿಸಿ ಕುರ್ಚಿ ಕಲ್ಪಿಸಿದಾಗ ಅದನ್ನು ತಯಾರಿಸಲು ಮುಂದೆ ಬಂದುದೂ ಇದೇ ಅಂಗಡಿ. ದ್ರವ್ಯ ಬದಲಾಯಿತು, ಬಾಗಿಸುವ ಕಸುಬು ಬದಲಾಗಲಿಲ್ಲ. ಅನಂತರ ಎರಡನೆಯ ಮಹಾಯುದ್ಧ ಬಂದಿತು. ಪೂರ್ವ ಯೂರೋಪಿನ ಕಾರ್ಖಾನೆಗಳೆಲ್ಲ ಆಯಾ ಸರ್ಕಾರಗಳ ವಶವಾದುವು. 1889ರಲ್ಲಿ ಜರ್ಮನಿಯ ಫ್ರಾಂಕನ್‌ಬರ್ಗ್‌ನಲ್ಲಿ ಕಟ್ಟಿದ ಕಾರ್ಖಾನೆ ಬಾಂಬಿಗೆ ಆಹುತಿಯಾಯಿತು. ಸ್ಥಾಪಕನ ಮರಿಮಗನಾದ ಗಿಯೋರ್ಗ್ ಟೋನೆಟ್, ನೂರು ವರ್ಷಗಳ ಹಿಂದೆ ತನ್ನ ಹಿರಿಯನು ವಿಯೆನ್ನದಲ್ಲಿ ನಿಂತಿದ್ದಂತೆ ಬರಿಗೈಯಲ್ಲಿ ನಿಂತು, ಆ ಬೂದಿಯ ಮೇಲೆ ಕಾರ್ಖಾನೆಯನ್ನು ಪುನಃ ಕಟ್ಟಿದನು. ಅಲ್ಲಿ ಇಂದಿಗೂ ಆ ಕುರ್ಚಿ 214 ಎಂಬ ಹೊಸ ಸಂಖ್ಯೆಯನ್ನು ಹೊತ್ತು ಸಿದ್ಧವಾಗುತ್ತಿದೆ.

ಮನೆತನದ ಕೈಬಿಟ್ಟುಹೋದ ಬಿಸ್ಟ್ರಿಟ್ಜ್ ಕಾರ್ಖಾನೆಯೂ ನಿಲ್ಲಲಿಲ್ಲ. ಚೆಕ್ ದೇಶದ ಆ ಊರಿನಲ್ಲಿ, ಟೋನ್ ಎಂಬ ಬೇರೆ ಹೆಸರಿನ ಕೆಳಗೆ, ಟೋನೆಟ್ ಮನೆತನದೊಡನೆ ರಕ್ತಸಂಬಂಧವಿಲ್ಲದ ಕೆಲಸಗಾರರು ಈಗಲೂ ಹಬೆಯಿಂದ ಹೊರತೆಗೆದ ಬೀಚ್ ಕೋಲಿಗೆ ಲೋಹದ ಪಟ್ಟಿ ಬಿಗಿದು, ಅದು ಆರುವ ಮೊದಲೇ, ಮೈಯ ಬಲವನ್ನೆಲ್ಲ ಹಾಕಿ ಕೈಯಿಂದಲೇ ಅಚ್ಚಿಗೆ ಬಾಗಿಸುತ್ತಾರೆ. ಬೊಪ್ಪಾರ್ಡಿನ ಸಾಲಗಾರರು ಜಪ್ತಿ ಮಾಡಲಾರದೆ ಹೋದ ವಸ್ತುವನ್ನು ಆ ಕೈಗಳಲ್ಲಿ ಇಂದಿಗೂ ಕಾಣಬಹುದು.